ಅತ್ತಿಗೆ ಹಾಗೇ ಬಿಟ್ಟ ಮೂರು ಮಾರು

ಎತ್ತು ಹೊಡೆಯುವ ಬಾರುಕೋಲಿನ ಬಾರಿಗೆ ಹರಳೆಣ್ಣೆ ಸವರಿ ಇಡುವುದು ಅತ್ತಿಗೆಯ ಅಭ್ಯಾಸ. ಚರ್ಮ ಒಣಗಿ ಸೀಳಬಾರದು ಅಂತ. ಹತ್ತು ದಿನದ ಹಿಂದೆ, ಅವಳು ತೀರಿಹೋದ ಹನ್ನೊಂದನೆಯ ದಿನ, ಎಡೆಗೆ ಏನೇನು ಇಡಬೇಕು ಅಂತ ಊರಿನ ಹೆಂಗಸರು ನನ್ನನ್ನು ಕೇಳಿದರು. ಗಂಡ ಸತ್ತವಳು, ಬಳೆ ಕುಂಕುಮ ಇಡುವ ಹಾಗಿಲ್ಲ; ಒಂದು ಸೀರೆ, ಎಲೆ ಅಡಿಕೆ, ಅವಳಿಗೆ ಇಷ್ಟವಾದ ಹುರುಳಿಕಾಳಿನ ಬಸ್ಸಾರು, ಮುದ್ದೆ, ಇಷ್ಟಾದರೆ ಸಾಕು ಅಂತ ಅವರೇ ಹೇಳಿಕೊಂಡರು. ನಾನು ನಡುಮನೆಗೆ ಹೋಗಿ ತೊಲೆಗೆ ಸಿಕ್ಕಿಸಿದ್ದ ಬಾರುಕೋಲು ಇಳಿಸಿದೆ. ಹರಳೆಣ್ಣೆ, ಎತ್ತಿನ ಬೆವರು, ಅವಳ ಅಂಗೈ, ಮೂರೂ ಒಟ್ಟಿಗೆ ಮೂಗಿಗೆ ಬಡಿದವು.

ಆ ಬಾರುಕೋಲು ಮೊದಲು ನನ್ನ ಅಣ್ಣನದು. ತೊಂಬತ್ತರ ದಶಕದ ನಡುವೆ ಒಂದು ಸಂಕ್ರಾಂತಿ ಕಳೆದ ಮೇಲೆ, ಎರಡು ವರ್ಷದಿಂದ ಮೈಗೆ ಹತ್ತಿದ್ದ ಕಾಮಾಲೆಯಲ್ಲಿ ಅಣ್ಣ ತೀರಿಹೋದ. ನಮ್ಮದು ಹಳೇಕೋಟೆ ಕಡೆಯ ಸಣ್ಣ ಊರು. ಹೇಮಾವತಿ ಕಾಲುವೆಯ ನೀರು ಕೆಳಗಿನ ಗದ್ದೆಗಳಿಗೆ ಹರಿಯುತ್ತೆ, ನಮ್ಮ ಎತ್ತರದ ಹೊಲಕ್ಕೆ ಹತ್ತುವುದಿಲ್ಲ. ಆಕಾಶ ನೋಡಿಕೊಂಡು ರಾಗಿ ಬಿತ್ತುವ ಒಂದೂವರೆ ಎಕರೆ. ಆ ಹೊಲ, ಒಂದು ಜೊತೆ ಕೆಂದೆತ್ತು, ಆರು ವರ್ಷದ ಮಗಳು ಮಂಜುಳ, ಇಷ್ಟು ಅಣ್ಣ ಬಿಟ್ಟುಹೋದದ್ದು. ಜೊತೆಗೆ ನಾನು. ನನ್ನನ್ನು ಅರಕಲಗೂಡು ಕಡೆಗೆ ಕೊಟ್ಟಿದ್ದರು. ಮೂರು ವರ್ಷಕ್ಕೆ ತಿರುಗಿ ಬಂದೆ. ಆ ಕತೆ ಇಲ್ಲಿ ಬೇಡ. ತಿರುಗಿ ಬಂದ ದಿನ ಬಾಗಿಲಲ್ಲಿ ನಿಂತಿದ್ದ ನನ್ನ ಕೈಯಿಂದ ಚೀಲ ಇಸಕೊಂಡು ಅತ್ತಿಗೆ ಕೇಳಿದ್ದು ಒಂದೇ ಮಾತು, ಉಂಡೆಯಾ ಅಂತ.

ಅತ್ತಿಗೆಯ ಹೆಸರು ತಾಯಮ್ಮ.

ನಮ್ಮ ಮನೆತನದಲ್ಲಿ ಬೇಸಾಯ ಮಾಡಿದವನ ತಿಥಿಗೆ ಎಡೆಯ ಪಕ್ಕ ಅವನ ಬಾರುಕೋಲು ಇಡುತ್ತಾರೆ. ಪೂಜೆ ಮುಗಿದ ಮೇಲೆ ಹಿರಿಯರು ಅದನ್ನು ಎತ್ತಿ ಮುಂದೆ ಹೊಲ ಉಳುವವನ ಕೈಗೆ ಕೊಡುತ್ತಾರೆ. ಅಣ್ಣನ ತಿಥಿಯಲ್ಲಿ ನಮ್ಮ ದೊಡ್ಡಪ್ಪ ಕರೀಗೌಡ ಅದನ್ನು ತನ್ನ ಮಗ ರಂಗಸ್ವಾಮಿಯ ಕೈಗೆ ಕೊಟ್ಟ. ಹೊಲವನ್ನು ರಂಗಸ್ವಾಮಿ ವಾರಕ್ಕೆ ಮಾಡುತ್ತಾನೆ, ಬೆಳೆದದ್ದರಲ್ಲಿ ಅರ್ಧ ತಾಯಮ್ಮನ ಮನೆಗೆ ಹಾಕುತ್ತಾನೆ ಅಂತ ಹೇಳಿ ಕೈ ತೊಳೆದುಕೊಂಡ. ದೊಡ್ಡಪ್ಪ ಕೆಟ್ಟವನಲ್ಲ. ಇಬ್ಬರು ಹೆಂಗಸರಿಗೆ ಒಂದು ದಾರಿ ಮಾಡಿದೆ ಅಂದುಕೊಂಡಿದ್ದ. ಅತ್ತಿಗೆಯನ್ನು ಯಾರೂ ಕೇಳಲಿಲ್ಲ. ಅವಳು ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದಳು.

ಊರಿಗೆಲ್ಲ ಗೊತ್ತಿದ್ದ, ಯಾರೂ ಬಾಯಿಬಿಟ್ಟು ಆಡದ ಒಂದು ವಿಷಯ ಇತ್ತು. ಅಣ್ಣ ಕಾಯಿಲೆ ಬಿದ್ದ ಆ ಎರಡು ವರ್ಷವೂ ಹೊಲ ಉತ್ತದ್ದು ಅತ್ತಿಗೆ. ಮೊಬ್ಬಿನಲ್ಲಿ ಎದ್ದು ಎತ್ತು ಹೊಡೆದುಕೊಂಡು ಹೋಗಿ ಹೊತ್ತು ಮೂಡುವಷ್ಟರಲ್ಲಿ ಅರ್ಧ ಹೊಲ ಉತ್ತಿರುತ್ತಿದ್ದಳು. ಬೆಳಕು ಹರಿದ ಮೇಲೆ ಅಣ್ಣ ಹೋಗಿ ನೇಗಿಲ ಪಕ್ಕ ನಿಲ್ಲುತ್ತಿದ್ದ, ಅವನೇ ಉತ್ತ ಹಾಗೆ. ಅವಳು ಬದುವಿನ ಮೇಲೆ ಕೂತು ಹುಲ್ಲು ಕೊಯ್ಯುತ್ತಿದ್ದಳು, ಅದಕ್ಕೇ ಬಂದವಳ ಹಾಗೆ. ದಾರಿಯಲ್ಲಿ ಹೋಗುವವರು ಅಣ್ಣನನ್ನು ಮಾತಾಡಿಸಿ ಮುಂದೆ ಹೋಗುತ್ತಿದ್ದರು. ಹೆಂಗಸು ನೇಗಿಲು ಮುಟ್ಟಿದರೆ ಮಳೆ ಹೋಗುತ್ತೆ ಅನ್ನುವ ನಂಬಿಕೆಯೂ ಉಳಿಯಿತು, ನಮ್ಮ ಹೊಲವೂ ಬೀಳು ಬೀಳಲಿಲ್ಲ.

ತಿಥಿಯಾಗಿ ಒಂದು ವಾರಕ್ಕೆ, ಊರೆಲ್ಲ ಎದ್ದು ಓಡಾಡುವ ಹೊತ್ತಿನಲ್ಲಿ, ಅತ್ತಿಗೆ ದೊಡ್ಡಪ್ಪನ ಮನೆಗೆ ಹೋದಳು. ನಾನೂ ಹಿಂದೆ ಹೋದೆ. ಜಗಲಿಯ ಮೊಳೆಗೆ ಬಾರುಕೋಲು ನೇತುಹಾಕಿತ್ತು. ರಂಗಸ್ವಾಮಿ ಕಾಫಿ ಕುಡಿಯುತ್ತಾ ಕೂತಿದ್ದ. ಅತ್ತಿಗೆ ಮೊಳೆಯಿಂದ ಅದನ್ನು ಇಳಿಸಿಕೊಂಡಳು.

"ನಮ್ದು ಇಲ್ಲೇ ಉಳ್ಕೊಂಡಿತ್ತು ಭಾವ. ತಕಂಡೋಗನ ಅಂತ ಬಂದೆ."

ಅವನ ಲೋಟ ಬಾಯಿಯ ಹತ್ತಿರ ಹಾಗೇ ನಿಂತಿತು. ಅತ್ತಿಗೆ ಮನೆಗೆ ಬಂದು ಹರಳೆಣ್ಣೆಯ ಕುಡಿಕೆ ಎಲ್ಲಿ ಅಂತ ಕೇಳಿದಳು.

ಅಷ್ಟಕ್ಕೇ ಮುಗಿದಿದ್ದರೆ ಇದು ಮನೆಯೊಳಗಿನ ಜಗಳವಾಗಿ ಉಳಿಯುತ್ತಿತ್ತು. ಆದರೆ ಯುಗಾದಿ ಬಂತು, ಹೊನ್ನಾರು ಬಂತು. ಹೊಸ ವರ್ಷದ ಮೊದಲ ಉಳುಮೆಗೆ ನಮ್ಮ ಕಡೆ ಹೊನ್ನಾರು ಅನ್ನುತ್ತಾರೆ. ಆರು ಅಂದರೆ ಎತ್ತು ಕಟ್ಟಿದ ನೇಗಿಲು. ಯುಗಾದಿಯ ಬೆಳಗ್ಗೆ ಪ್ರತಿ ಮನೆಯಿಂದ ಒಂದೊಂದು ಆರು ಮಾರಮ್ಮನ ಗುಡಿಯ ಮುಂದಿನ ಹೊಲಕ್ಕೆ ಬಂದು ಸಾಲಾಗಿ ಉಳುತ್ತವೆ. ಆ ಸಾಲಿನಲ್ಲಿ ಆರು ಇದ್ದ ಮನೆ ಬೇಸಾಯದ ಮನೆ. ಬಿತ್ತನೆಗೆ, ಕೊಯ್ಲಿಗೆ ಅಂಥ ಮನೆಗಳು ಒಬ್ಬರಿಗೊಬ್ಬರು ಮುಯ್ಯಾಳು ಕೊಡುತ್ತವೆ. ಇವತ್ತು ನಿಮ್ಮ ಹೊಲಕ್ಕೆ ನಮ್ಮ ಆಳು, ನಾಳೆ ನಮ್ಮ ಹೊಲಕ್ಕೆ ನಿಮ್ಮ ಆಳು. ಸಾಲಿನಲ್ಲಿ ಆರು ಇಲ್ಲದ ಮನೆಗೆ ಅದು ಇಲ್ಲ, ಹೊಲವನ್ನು ವಾರಕ್ಕೆ ಕೊಡಬೇಕು. ಅತ್ತಿಗೆಗೆ ಇದು ಗೊತ್ತಿತ್ತು. ಹೊಲ ಉಳಿಯಬೇಕಾದರೆ ಆ ಸಾಲಿನಲ್ಲಿ ನಿಲ್ಲಬೇಕಿತ್ತು, ಬೆಳಕಿನಲ್ಲಿ, ಎಲ್ಲರೂ ನೋಡುವ ಹಾಗೆ.

ಹೊನ್ನಾರಿನಲ್ಲಿ ಮೊದಲನೆಯ ಆರು ಯಾವ ಬಣ್ಣದ ಎತ್ತಿನದಾಗಬೇಕು ಅಂತ ಪಂಚಾಂಗ ನೋಡಿ ಹೇಳುವವರು ಹೊಳೆನರಸೀಪುರದ ಜೋಯಿಸರು. ಆ ವರ್ಷ ಅವರು ಕೆಂದೆತ್ತು ಅಂದರು. ನಮ್ಮ ಕಡೆ ಎಲ್ಲಿ ನೋಡಿದರೂ ಬೂದುಬಣ್ಣದ ಎತ್ತುಗಳೇ. ಊರಿಗೆಲ್ಲ ಕೆಂದ ಜೋಡಿ ಅಂತ ಇದ್ದದ್ದು ನಮ್ಮ ಕೊಟ್ಟಿಗೆಯಲ್ಲಿ ಒಂದೇ.

ದೊಡ್ಡಪ್ಪನೇ ಬಂದ. ಬಾರುಕೋಲಿನ ಮಾತೆತ್ತಲಿಲ್ಲ. ಜಗಲಿಯ ಮೇಲೆ ಕೂತು, ಎತ್ತಿನ ಮೈತೊಳೆದು ಸಿದ್ಧ ಮಾಡಿರು, ಹಬ್ಬದ ದಿನ ರಂಗಸ್ವಾಮಿ ಬಂದು ಹೊಡೆದುಕೊಂಡು ಹೋಗುತ್ತಾನೆ ಅಂದ.

"ಎತ್ತು ಬತ್ತವೆ ಮಾವ" ಅಂದಳು ಅತ್ತಿಗೆ. "ನಾನೇ ಒಡ್ಕಂಡ್ ಬತ್ತೀನಿ. ಆರೂ ನಾನೇ ಇಡ್ಕತೀನಿ."

ದೊಡ್ಡಪ್ಪ ತಮಾಷೆ ಅಂದುಕೊಂಡು ನಕ್ಕ. ಅವಳು ನಗದೇ ಇದ್ದದ್ದು ನೋಡಿ ಅವನ ನಗು ನಿಂತಿತು.

"ಸಾವಾಗಿ ವರ್ಸ ತುಂಬ್ದಿರೋ ಮನೆ ಕಣವ್ವ ನಿಂದು. ಅಬ್ಬದ ದಿನ ನೀನು ಆಚಿಕ್ ಬರದೇ ತಪ್ಪು."

"ವರ್ಸ ತುಂಬ್ದಿರೋ ಮನೆ ಎತ್ತು ಆಯ್ತವೆ. ಮನ್ಸರು ಆಗಕಿಲ್ವಾ ಮಾವ?"

ದೊಡ್ಡಪ್ಪ ಟವೆಲು ಕೊಡವಿ ಎದ್ದುಹೋದ. ಆಮೇಲೆ ಊರಿನವರು ಜೋಯಿಸರನ್ನೇ ಹೋಗಿ ಕೇಳಿದರಂತೆ. ಅವರು ಹೈಸ್ಕೂಲಿನಲ್ಲಿ ಮೇಷ್ಟರೂ ಆಗಿದ್ದವರು, ಜಾಣರು. ಎತ್ತಿನ ಬಣ್ಣ ಪಂಚಾಂಗದಲ್ಲಿದೆ, ನೇಗಿಲು ಹಿಡಿಯುವವರ ವಿಚಾರ ನಿಮ್ಮೂರಿನ ರೂಢಿ, ಅದಕ್ಕೆ ನಾನು ಜವಾಬ್ದಾರನಲ್ಲ ಅಂತ ಹೇಳಿ ಕಳಿಸಿದರಂತೆ.

ಯುಗಾದಿಯ ದಿನ ಬಿಸಿಲು ಬೆಳಗ್ಗೆಯೇ ಸುರ್ರೆನ್ನುತ್ತಿತ್ತು. ಅತ್ತಿಗೆ ಸೀರೆಯ ನೆರಿಗೆ ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿ, ಅಣ್ಣನ ಟವೆಲನ್ನು ತಲೆಗೆ ಸುತ್ತಿ, ಎತ್ತು ಹೊಡೆದುಕೊಂಡು ಹೊರಟಳು. ಹಿಂದೆ ನಾನು, ನನ್ನ ಕೈ ಹಿಡಿದು ಮಂಜುಳ. ಗುಡಿಯ ಮುಂದೆ ಇಪ್ಪತ್ತು ಜೊತೆ ಎತ್ತು ನಿಂತಿದ್ದವು. ಹೆಂಗಸರು ದೂರದಲ್ಲಿ, ಹುಣಸೆಮರದ ಕೆಳಗೆ.

ರಂಗಸ್ವಾಮಿ ಬಂದು ಮೂಗುದಾರ ಹಿಡಿದ. ಹೊಸ ಬಿಳಿ ಪಂಚೆ ಉಟ್ಟಿದ್ದ. ನಗೆಪಾಟಲು ಬೇಡ, ಎತ್ತು ಬಿಟ್ಟು ಮನೆಗೆ ಹೋಗು ಅಂದ. ಅವಳು ಮೂಗುದಾರ ಬಿಡಿ ಭಾವ ಅಂದಳು. ಅವನು ಬಿಡಲಿಲ್ಲ, ಇವಳೂ ಸರಿಯಲಿಲ್ಲ. ದೊಡ್ಡಪ್ಪ ಮುಂದೆ ಬಂದ.

"ಎಂಗಸು ಆರು ಇಡುದ್ರೆ ಮಳೆ ಓಯ್ತದೆ ಕಣವ್ವ. ಒಣಗಾದು ನಿನ್ನೊಬ್ಳ ಒಲ ಅಲ್ಲ."

ಅತ್ತಿಗೆ ಜೋರಾಗಿ ಮಾತಾಡುವವಳಲ್ಲ. ಆವತ್ತೂ ಜೋರು ಮಾಡಲಿಲ್ಲ. ಆದರೆ ಹುಣಸೆಮರದವರೆಗೂ ಕೇಳಿಸಿತು.

"ಎಲ್ಡ್ ವರ್ಸದಿಂದ ನಮ್ಮೊಲ ಉತ್ತಿರೋಳು ನಾನೇ ಮಾವ. ನಿಮ್ಗೆಲ್ಲಾರ್ಗೂ ಗೊತ್ತು. ಎಲ್ಡ್ ವರ್ಸಾನೂ ಮಳೆ ಬಂತಲ್ಲಾ?"

ಸತ್ತ ಅಣ್ಣನ ಮಾನ ತೆಗೆದಳು ಅಂತ ಒಂದು ಗಳಿಗೆ ನನಗೆ ಅವಳ ಮೇಲೇ ಸಿಟ್ಟು ಬಂತು, ನಿಜ ಹೇಳಬೇಕು. ಆಮೇಲೆ ಹೊಳೆಯಿತು. ಅಣ್ಣನ ಮಾನ ಉಳಿಸುವುದಕ್ಕೆ ಅವಳು ಎರಡು ವರ್ಷ ಕತ್ತಲಲ್ಲಿ ಉತ್ತಿದ್ದಳು. ಅಷ್ಟು ಸಾಕಿತ್ತು.

ರಂಗಸ್ವಾಮಿಯ ಕೈ ಸಡಿಲವಾಯಿತು, ಆದರೆ ಸಾಲಿನಲ್ಲಿ ಯಾರೂ ಜಾಗ ಬಿಡಲಿಲ್ಲ. ಅತ್ತಿಗೆ ಎತ್ತು ತಿರುಗಿಸಿಕೊಂಡು ನೇರ ನಮ್ಮ ಹೊಲಕ್ಕೆ ಹೋದಳು. ಅಲ್ಲಿ ಐದು ಸುತ್ತು ಉತ್ತಳು. ನಮ್ಮ ಹೊನ್ನಾರು ಅದು. ನೋಡುವುದಕ್ಕೆ ನಾನು, ಮಂಜುಳ, ಎರಡು ಕೊಕ್ಕರೆ.

ಇತ್ತ ಗುಡಿಯ ಮುಂದೆ ಕೆಂದೆತ್ತು ಇಲ್ಲದೆ ಶುರು ಮಾಡುವ ಹಾಗಿಲ್ಲ, ನಮ್ಮನ್ನು ಕರೆಯುವ ಹಾಗೂ ಇಲ್ಲ. ಯಾರಿಗೆ ಹೊಳೆಯಿತೋ, ಕೆರೆಯ ಏರಿಯಿಂದ ಒಂದು ಮಂಕರಿ ಕೆಮ್ಮಣ್ಣು ತರಿಸಿ, ನೀರಲ್ಲಿ ಕಲಸಿ, ದೊಡ್ಡಪ್ಪನ ಬೂದು ಎತ್ತುಗಳಿಗೆ ಕೊಂಬಿನಿಂದ ಬಾಲದವರೆಗೆ ಬಳಿದರು. ಮೊದಲನೆಯ ಆರು ರಂಗಸ್ವಾಮಿ ಹಿಡಿದ. ಮೂರನೆಯ ಸುತ್ತಿಗೆ ಎತ್ತುಗಳು ಬೆವರಿದವು. ಬಣ್ಣ ಪಟ್ಟೆಪಟ್ಟೆಯಾಗಿ ಇಳಿಯಿತು. ಒಂದು ಎತ್ತು ಮೈಕೊಡವಿತು, ಬಾಲ ಬೀಸಿತು. ಹೊಸ ಪಂಚೆ ಹಬ್ಬದ ಓಕುಳಿಯಾಯಿತು. ಹುಣಸೆಮರದ ಕೆಳಗಿದ್ದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರಂತೆ. ಸಂಜೆ ದೊಡ್ಡವ್ವ, ಅಂದರೆ ಕರೀಗೌಡ ದೊಡ್ಡಪ್ಪನ ಹೆಂಡತಿ, ಹಿತ್ತಲ ಬಾಗಿಲಿಂದ ಬಂದು ಈ ಕತೆ ಹೇಳಿದಳು. ಅಣ್ಣ ಸತ್ತ ಮೇಲೆ ಅತ್ತಿಗೆ ನಕ್ಕದ್ದು ಅವತ್ತು. ನಕ್ಕು ನಕ್ಕು, ಕೊನೆಗೆ ಅತ್ತಳು.

ಆಮೇಲೆ ಮಳೆ ಬರಲಿಲ್ಲ. ಭರಣಿ ಹೋಯಿತು, ಕೃತ್ತಿಕೆ ಹನಿಯಲಿಲ್ಲ, ರೋಹಿಣಿಯಲ್ಲಿ ಗಾಳಿ ಮಾತ್ರ. ಬೋರಿನ ಹತ್ತಿರ ನಾನು ಬಿಂದಿಗೆ ಇಟ್ಟರೆ ಪಕ್ಕದ ಬಿಂದಿಗೆ ಆ ಕಡೆ ಸರಿಯುತ್ತಿತ್ತು. ನಮ್ಮ ಮನೆಯ ಹೆಸರು ಹೇಳದೆ ನಮ್ಮನ್ನು ಬೈಯುವ ವಿದ್ಯೆ ಊರಿಗೆಲ್ಲ ಬಂದುಬಿಟ್ಟಿತು. ಒಂದು ದಿನ ಅತ್ತಿಗೆಯೂ ನಾನೂ ಹುಲ್ಲು ಹೊತ್ತು ಬರುವಾಗ ಅರಳಿಕಟ್ಟೆಯ ಮೇಲಿಂದ ರಂಗಸ್ವಾಮಿ ಎಲ್ಲರಿಗೂ ಕೇಳುವಂತೆ, ಊರಿಗೆ ಬೆಂಕಿಯಿಟ್ಟವರು ತಣ್ಣಗೆ ಓಡಾಡಿಕೊಂಡವರೆ ಅಂದ. ನಾನು ತಲೆ ಬಗ್ಗಿಸಿ ದಾಟಿದೆ. ಅತ್ತಿಗೆ ನಿಂತಳು.

"ಒಂದ್ ಮಾತು ಭಾವ. ಮಳೆ ಓಗಿದ್ದು ನಾನು ಆರು ಇಡುದಿದ್ಕೋ, ನೀವು ಎತ್ಗೆ ಬಣ್ಣ ಬಳುದು ದ್ಯಾವ್ರಿಗೇ ಟೋಪಿ ಆಕಿದ್ಕೋ? ಜೋಯಿಸ್ರ ಕೇಳ್ಕಂಡ್ ಬನ್ನಿ, ಅಮ್ಯಾಕ್ ಮಾತಾಡವ."

ಕಟ್ಟೆಯ ಮೇಲಿದ್ದ ಮುದುಕರೊಬ್ಬರಿಗೆ ನಗು ತಡೆಯಲಾಗದೆ ಕೆಮ್ಮು ಬಂತು. ಅವತ್ತಿನಿಂದ ಮಳೆಯ ಆಪಾದನೆ ಸ್ವಲ್ಪ ತಗ್ಗಿತು. ಆದರೆ ಬಿತ್ತನೆಗೆ ನಮಗೆ ಮುಯ್ಯಾಳು ಇಲ್ಲ ಅನ್ನುವುದು ಗಟ್ಟಿಯಾಯಿತು. ಯಾರೂ ಬಾಯಿಬಿಟ್ಟು ಇಲ್ಲ ಅನ್ನಲಿಲ್ಲ. ಕೇಳಲು ಹೋದ ಮನೆಯಲ್ಲೆಲ್ಲ ಗಂಡಸರಿಗೆ ಆ ವಾರ ಹಾಸನದಲ್ಲೋ ಚನ್ನರಾಯಪಟ್ಟಣದಲ್ಲೋ ಕೆಲಸ ಇತ್ತು.

ಅದೇ ಸುಮಾರಿಗೆ ಸ್ಕೂಲಿನ ಮುಂದೆ ಬಿತ್ತನೆ ರಾಗಿ ಹಂಚಲು ಕೃಷಿ ಇಲಾಖೆಯ ಜೀಪು ಬಂತು. ಬಂದವರು ಹೊಸ ತಳಿಯ ಬಗ್ಗೆ ಒಂದು ಗಂಟೆ ವಿವರಿಸಿದರು. ಗಂಡಸರು ಕುರ್ಚಿಯಲ್ಲಿ ಕೂತು ಕೇಳಿದರು. ಬೀಜ ಬಿಡುವವರು, ಕಳೆ ಕೀಳುವವರು, ಮುಂದಿನ ವರ್ಷಕ್ಕೆ ಬೀಜ ಆರಿಸಿ ಬೂದಿ ಬೆರೆಸಿ ಎತ್ತಿಡುವವರು ನಾವು, ಹಿಂದೆ ಕಾಫಿ ಕಾಯಿಸುತ್ತಿದ್ದೆವು. ಅತ್ತಿಗೆ ಒಲೆಯ ಹತ್ತಿರದಿಂದ ಎದ್ದು ಹೋಗಿ ಸಾಲಿನಲ್ಲಿ ನಿಂತಳು. ಹೆಸರು ಬರೆಯುತ್ತಿದ್ದವನು ತಲೆಯೆತ್ತದೆ ಯಜಮಾನರನ್ನು ಕಳಿಸಮ್ಮ ಅಂದ. "ನಾನೇ ಯಜಮಾನ್ತಿ ಸಾ, ಬರ್ಕಳಿ" ಅಂದಳು. ಅವನು ತಲೆಯೆತ್ತಿ ನೋಡಿ ಬರೆದುಕೊಂಡ. ಬೀಜದ ಚೀಲದ ಮೇಲೆ ಪೇಟ ಸುತ್ತಿ ಮೀಸೆ ಬಿಟ್ಟ ರೈತನ ಚಿತ್ರ ಇತ್ತು. ಆಮೇಲೆ ಅತ್ತಿಗೆ ಆ ಚೀಲ ಬಿಚ್ಚಿ ಮಳೆಗೆ ತಲೆಯ ಮೇಲೆ ಹಾಕಿಕೊಳ್ಳುವ ಗೊಪ್ಪೆ ಹೊಲಿದಳು. ಮೀಸೆ ಒಳಗೆ ಬರುವ ಹಾಗೆ ಮಡಿಸಿ ಹೊಲಿದಳು.

ಆಷಾಢದಲ್ಲಿ ಪುನರ್ವಸು ಮಳೆ ಎರಡು ರಾತ್ರಿ ಹಿಡಿದು ಹೊಡೆಯಿತು. ಹದ ಇರುವುದು ನಾಲ್ಕೇ ದಿನ. ಊರೆಲ್ಲ ಒಟ್ಟಿಗೆ ಹೊಲಕ್ಕೆ ಇಳಿಯಿತು. ರಾಗಿ ಬಿತ್ತುವ ಕೂರಿಗೆಗೆ ಇಬ್ಬರು ಬೇಕು. ಒಬ್ಬರು ಎತ್ತು ಹೊಡೆಯುತ್ತಾ ಕೂರಿಗೆ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಪಕ್ಕದಲ್ಲೇ ನಡೆಯುತ್ತಾ ಮೇಲಿನ ಬಟ್ಟಲಿಗೆ ಬೀಜ ಬಿಡಬೇಕು, ಬೆರಳ ಸಂದಿಯಿಂದ ಒಂದೇ ಸಮ. ಹಿಡಿಯುವುದು ಗಂಡಸು, ಬಿಡುವುದು ಹೆಂಗಸು, ಇದು ನಡೆದುಬಂದದ್ದು. ಅಣ್ಣ ಕಾಯಿಲೆ ಬಿದ್ದಾಗಲೂ ಕೂರಿಗೆ ಹಿಡಿಯಲು ಮುಯ್ಯಾಳು ಬರುತ್ತಿತ್ತು, ಅದುವರೆಗೆ ಬೀಜ ಬಿಡುತ್ತಿದ್ದವಳು ಅತ್ತಿಗೆ.

ಅವಳು ಕೂರಿಗೆ ಹಿಡಿದಳು. ಬೀಜದ ಮಡಿಲು ನನಗೆ ಕಟ್ಟಿದಳು. "ಕಣ್ಣು ಬಟ್ಲ ಮ್ಯಾಲಿರ್ಲಿ ಗೌರಿ. ಯಾರ್ ಕೂಗುದ್ರೂ ತಲೆ ಎತ್ಬ್ಯಾಡ" ಅಂದಳು.

ಅರ್ಧ ಹೊಲ ಚೆನ್ನಾಗಿ ಸಾಗಿತು. ರಸ್ತೆಯ ಪಕ್ಕದ ಸಾಲಿಗೆ ಬಂದಾಗ ನಗು ಕೇಳಿಸಿತು. ಬಿತ್ತನೆ ಬಿಟ್ಟು ನಾಲ್ಕೈದು ಜನ ಬದುವಿನ ಮೇಲೆ ನಿಂತಿದ್ದರು. ಎಲಾ, ಕೂರಿಗೆ ಬಳೆ ತೊಟ್ಟದೆ ಅಂತ ಒಬ್ಬ ಅಂದ. ನಾನು ತಲೆಯೆತ್ತಿದೆ. ಎತ್ತು ನಡೆಯುತ್ತಲೇ ಇದ್ದವು, ನನ್ನ ಮುಷ್ಟಿ ಮುಚ್ಚಿಕೊಂಡೇ ಇತ್ತು. ಎಷ್ಟು ದೂರ ಹಾಗೆ ಹೋದೆನೋ, ಅತ್ತಿಗೆ ಹಿಂತಿರುಗಿ ನೋಡಿದಾಗ ಎಚ್ಚರವಾಯಿತು.

ವಾರ ಕಳೆದು ಪೈರು ಮೂಡಿತು. ಹೊಲವೆಲ್ಲ ಹಸಿರು, ರಸ್ತೆಯ ಪಕ್ಕ ಮಾತ್ರ ಕೂರಿಗೆಯಗಲ, ಮೂರು ಮಾರುದ್ದ ಬರಿನೆಲ. ದಾರಿಯಲ್ಲಿ ಹೋಗುವವರೆಲ್ಲ ಅದನ್ನು ಕಣ್ಣಲ್ಲೇ ಅಳೆದುಕೊಂಡು ಹೋದರು. ನಾನು ಒಂದು ಬೆಳಗ್ಗೆ ಒತ್ತಾಗಿದ್ದ ಕಡೆಯಿಂದ ಪೈರು ಕಿತ್ತು ಅಲ್ಲಿ ನೆಡಲು ಕೂತೆ. ಅತ್ತಿಗೆ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು.

"ಕೈ ಯಾಕ್ ನಿಂತಿತ್ತು?"

"ಅವ್ರು ನೋಡ್ತಿದ್ರು ಅತ್ಗೆ."

ಅವಳು ನನ್ನ ಕೈಯಿಂದ ಪೈರು ತೆಗೆದುಕೊಂಡಳು.

"ಬುಡು, ಇರ್ಲಿ. ಮುಚ್ಬ್ಯಾಡ. ನಾವೇ ಬಿತ್ತಿದ್ದು ಅಂತ ಒಂದ್ ಗುರ್ತು ಇರ್ಲಿ."

ಕಳೆ ಕೀಳುವ ಕಾಲಕ್ಕೆ ಊರಿಗೆ ಬಿಸಿ ತಟ್ಟಿತು. ಕಳೆ ಪೂರ್ತಿ ಹೆಂಗಸರ ಕೆಲಸ, ಅದಕ್ಕೂ ಮುಯ್ಯಾಳೇ. ನಮ್ಮಿಬ್ಬರಷ್ಟು ಬೇಗ ಕೈ ಆಡುವವರು ಊರಲ್ಲಿ ಇರಲಿಲ್ಲ. ದೊಡ್ಡಪ್ಪನ ಮನೆಯಿಂದ ಕರೆ ಬಂತು. ಕೂರಿಗೆಗೆ ಆಳು ಕೊಡದ ಮನೆಗೆ ಕಳೆಗೆ ಆಳಿಲ್ಲ ಅಂತ ಅತ್ತಿಗೆ ಹೇಳಿ ಕಳಿಸಿದಳು. ಮಾರನೆಯ ದಿನ ನಾವು ನಮ್ಮ ಹೊಲದಲ್ಲಿ ಕಳೆಗೆ ಕೂತಾಗ, ಬದುವಿನ ಮೇಲೆ ದೊಡ್ಡವ್ವ ಕಂಡಳು. ಕೈಯಲ್ಲಿ ಕುಡುಗೋಲು. ಗಂಡನ ಹೊಲಕ್ಕೆ ಹೋಗಬೇಕಾದವಳು.

"ನಲ್ವತ್ ವರ್ಸ ಬೀಜ ಬುಟ್ಟಿವ್ನಿ ಕಣ್ರೇ" ಅಂದಳು, ನಮ್ಮ ಸಾಲಿಗೆ ಕೂರುತ್ತಾ. "ಯಾವನೂ ನನ್ನ ಬ್ಯಾಸಾಯ್ದೋಳು ಅನ್ಲಿಲ್ಲ. ಇವತ್ ನೋಡವ ಏನಂತಾನೆ ಗೌಡ."

ಇನ್ನೂ ಹೆಂಗಸರು ಬಂದು ಸೇರಿ ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಜನ ಆದೆವು. ಸಂಜೆಗೆ ನಮ್ಮ ಹೊಲ ಮುಗಿಯಿತು. ಆಮೇಲೆ ಅವರ ಹೊಲಗಳಿಗೆ ನಾವು ಹೋದೆವು, ದೊಡ್ಡಪ್ಪನ ಹೊಲಕ್ಕೆ ಕೊನೆಯಲ್ಲಿ. ಅಷ್ಟರೊಳಗೆ ಅಲ್ಲಿ ಕಳೆ ಮೊಣಕಾಲುದ್ದ ಇತ್ತು. ಅದರ ನಡುವೆ ರಂಗಸ್ವಾಮಿಯೇ ಕುಡುಗೋಲು ಹಿಡಿದು ಕೂತಿದ್ದ. ನಮ್ಮನ್ನು ಕಂಡು ಎದ್ದು ಆ ಕಡೆ ಹೋದ.

ಬೆಳೆ ಬಂದದ್ದು ಎಲ್ಲರಿಗೂ ಬಂದಷ್ಟೇ. ಮಳೆ ತಡವಾದ ವರ್ಷ, ಬರಬೇಕಾದದ್ದಕ್ಕಿಂತ ಕಡಿಮೆ. ಆದರೆ ನಮ್ಮ ಕಣದಲ್ಲಿದ್ದ ರಾಗಿಯಲ್ಲಿ ಯಾರಿಗೂ ಅರ್ಧ ಕೊಡಬೇಕಿರಲಿಲ್ಲ. ಮುಂದಿನ ಯುಗಾದಿಗೆ ನಮ್ಮನ್ನು ಯಾರೂ ಕರೆಯಲಿಲ್ಲ, ನಾವೇ ಹೋದೆವು. ಸಾಲಿನಲ್ಲಿ ಜಾಗ ಮಾಡಿಕೊಟ್ಟರು ಅಂತ ಹೇಳಲಾರೆ. ಬಂದವಳನ್ನು ತಡೆಯಲಿಲ್ಲ, ಅಷ್ಟೇ. ಎರಡು ಸಾವಿರದ ಮೇಲೆ ಕಂಪ್ಯೂಟರ್ ಪಹಣಿ ಬಂದಾಗ ಸಾಗುವಳಿ ಮಾಡುವವರ ಹೆಸರಿನ ಕಡೆ ರಂಗಸ್ವಾಮಿ ಅಂತಿತ್ತು. ಅತ್ತಿಗೆ ಹೊಳೆನರಸೀಪುರಕ್ಕೆ ಮತ್ತೆ ಮತ್ತೆ ಅಲೆದು ಅದನ್ನೂ ತನ್ನ ಹೆಸರಿಗೆ ತಿದ್ದಿಸಿಕೊಂಡಳು. ಓದಿ ಹೇಳು ಅಂತ ಮನೆಯಲ್ಲಿ ನನ್ನ ಕೈಗೆ ಕೊಟ್ಟಳು. ನಾನು ಏಳನೇ ಕ್ಲಾಸು, ಅವಳು ಅದೂ ಇಲ್ಲ. ಮೂರು ಸಲ ಓದಿಸಿಕೊಂಡಳು.

ಈಗ ಅವಳು ಇಲ್ಲ. ಹೊಲದಿಂದ ಬಂದವಳು ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕೂತಳು, ಮತ್ತೆ ಏಳಲಿಲ್ಲ. ಮನೆಯಲ್ಲಿ ಒಂದು ತಟ್ಟೆ ಹೆಚ್ಚಾಗಿ ತೊಳೆದು ಇಡುವುದು ನನಗೆ ಇನ್ನೂ ತಪ್ಪಿಲ್ಲ.

ಆ ಹನ್ನೊಂದನೆಯ ದಿನ ನಾನು ಬಾರುಕೋಲು ತಂದು ಎಡೆಯ ಪಕ್ಕ ಇಟ್ಟೆ. ಹೆಂಗಸಿನ ಎಡೆಗೆ ಬಾರುಕೋಲು ಇಡುತ್ತಾರಾ ಅಂತ ಯಾರೋ ಗೊಣಗಿದರು. ಬೇಸಾಯ ಮಾಡಿದವರ ಎಡೆಗೆ ಇಡುತ್ತಾರೆ ಅಂದೆ. ಪೂಜೆ ಮುಗಿಯಿತು. ದೊಡ್ಡಪ್ಪ ಹೋಗಿ ವರ್ಷಗಳಾದವು, ಈಗ ರಂಗಸ್ವಾಮಿಯೇ ಹಿರಿಯ, ತಲೆ ಪೂರ್ತಿ ನೆರೆತಿದೆ. ರೂಢಿಯ ಬಲದಲ್ಲಿ ಅವನ ಕೈ ಬಾರುಕೋಲಿನ ಕಡೆಗೆ ಹೋಯಿತು. ನಾನು ಮೊದಲೇ ಎತ್ತಿಕೊಂಡೆ.

"ಇದು ನಮ್ಮನೇದು ಕಣಣ್ಣ."

ಅವನು ನನ್ನನ್ನು ನೋಡಿದ, ಎಡೆಯನ್ನು ನೋಡಿದ, ಕೈ ಮುಗಿದು ಹಿಂದೆ ಸರಿದ.

ತಿಥಿಯ ಮಾರನೆಯ ದಿನವೇ ಹದ ಇತ್ತು. ಚನ್ನರಾಯಪಟ್ಟಣದ ಕಡೆಗೆ ಕೊಟ್ಟಿರುವ ಮಂಜುಳ ಗಂಡನನ್ನು ಊರಿಗೆ ಕಳಿಸಿ ತಾನು ಉಳಿದಿದ್ದಳು. ಕೂರಿಗೆ ಅವಳು ಹಿಡಿದಳು, ಬೀಜ ನಾನು ಬಿಟ್ಟೆ. ರಸ್ತೆಯ ಪಕ್ಕದ ಸಾಲಿಗೆ ಬಂದಾಗ ಬದುವಿನ ಮೇಲೆ ಯಾರೂ ಇರಲಿಲ್ಲ, ಯಾರೂ ನಗಲಿಲ್ಲ. ಆದರೆ ಎತ್ತು ಹೊಡೆಯುವ ಮಂಜುಳನ ದನಿ ಅವಳವ್ವನ ದನಿಯ ಹಾಗೇ ಇತ್ತು. ಕಣ್ಣು ಮಂಜಾಗಿ ಬಟ್ಟಲು ಕಾಣಲಿಲ್ಲ, ಕೈ ನಿಂತುಬಿಟ್ಟಿತು.

ನಿನ್ನೆ ಪೈರು ಮೂಡಿತು. ಮಂಜುಳ ನೋಡಿಕೊಂಡು ಬಂದು, ರಸ್ತೆಯ ಕಡೆ ಒಂದಿಷ್ಟು ಬರಿನೆಲ ಉಳಿದಿದೆ ಅತ್ತೆ, ನಾಳೆ ಪೈರು ಕಿತ್ತು ನೆಡಲಾ ಅಂತ ಕೇಳಿದಳು.

"ಬುಡು, ಇರ್ಲಿ ಕಣವ್ವ" ಅಂದೆ.